ದೇವರಿಗೆ ಎತ್ತಲಾಗದ ಕಲ್ಲು

ದೇವರು ತನ್ನಿಂದಲೇ ಎತ್ತಲಾಗದಷ್ಟು ಭಾರದ ಕಲ್ಲನ್ನು ಸೃಷ್ಟಿಸಬಲ್ಲನೇ? ಬಲ್ಲ ಎಂದಿರೋ, ಅವನು ಎತ್ತಲಾರದ ಕಲ್ಲೊಂದು ಇರಬಹುದು ಎಂದು ಒಪ್ಪಿದ ಹಾಗಾಯಿತು. ಇಲ್ಲ ಎಂದಿರೋ, ಅವನಿಂದಾಗದ ಕೆಲಸ ಒಂದಿದೆ ಎಂದಾಯಿತು. ಯಾವ ಕಡೆ ಹೊರಳಿದರೂ ಸರ್ವಶಕ್ತನ ಪಟ್ಟ ಹೋಯಿತು. ದೇವರಿದ್ದಾನೋ ಇಲ್ಲವೋ ಎಂಬ ವಾದ ಹಾಸ್ಟೆಲ್ ಕೋಣೆಯಲ್ಲಿ ಎದ್ದರೂ ಸರಿ, ಮದುವೆಮನೆಯಲ್ಲಿ ಉಂಡು ಕವಳದ ಬಟ್ಟಲ ಸುತ್ತ ಕೂತವರ ನಡುವೆ ಎದ್ದರೂ ಸರಿ, ಸ್ವಲ್ಪ ಹೊತ್ತಿಗೆ ಈ ಕಲ್ಲು ಉರುಳಿಕೊಂಡು ಬಂದೇ ಬರುತ್ತದೆ. ಕೇಳಿದವನ ಮುಖದಲ್ಲಿ ಗೆದ್ದ ಕಳೆ. ಕೇಳಿಸಿಕೊಂಡವರಲ್ಲಿ ಒಬ್ಬರು ಸಿಟ್ಟಾಗುತ್ತಾರೆ, ಒಬ್ಬರು ನಕ್ಕು ಸುಮ್ಮನಾಗುತ್ತಾರೆ, ಇನ್ನೊಬ್ಬರು "ಅವ ನಮ್ಮ ತರ್ಕಕ್ಕೆಲ್ಲ ಸಿಕ್ಕುವವನಲ್ಲ ಮಾರಾಯಾ" ಎಂದು ಕೈ ಕೊಡವಿಕೊಂಡು ಏಳುತ್ತಾರೆ.

ನಾನು ದೇವರನ್ನು ನಂಬುತ್ತೇನೋ ಇಲ್ಲವೋ ಎಂಬುದು ಇಲ್ಲಿ ದೊಡ್ಡ ವಿಷಯವಲ್ಲ. ಮನೆಯಲ್ಲಿ ಯಾರಿಗಾದರೂ ಜ್ವರ ಬಂದ ರಾತ್ರಿ ಅದು ಒಂದು ಥರ ಇರುತ್ತದೆ, ಬೆಳಗ್ಗೆ ಪೇಪರ್ ಓದುವಾಗ ಇನ್ನೊಂದು ಥರ. ಆದರೆ ಈ ಕಲ್ಲಿನ ಬಗ್ಗೆ ನನಗೊಂದು ಅಭಿಪ್ರಾಯವಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ದೇವರಿಲ್ಲ ಎಂದು ಸಾಧಿಸಲು ಇದು ತೀರಾ ಬಡಕಲು ಅಸ್ತ್ರ. ಆದರೆ ಇದಕ್ಕೆ ನಂಬಿದವರು ಗಡಿಬಿಡಿಯಲ್ಲಿ ಕೊಡುವ ಉತ್ತರವಿದೆಯಲ್ಲ, ಅವನು ತರ್ಕಕ್ಕೆ ಮೀರಿದವನು ಎಂಬುದು, ಅದು ದೇವರಿಗೆ ಮಾಡುವ ಹಾನಿ ನಾಸ್ತಿಕರ ಪ್ರಶ್ನೆ ಮಾಡುವ ಹಾನಿಗಿಂತ ದೊಡ್ಡದು.

1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿ ಕಟ್ಟಿದರು. ಬರಿಗೈಯಿಂದ ಉಂಗುರ, ವಿಭೂತಿ ತೆಗೆಯುವವರು ಒಂದು ಕುಂಬಳಕಾಯಿ ತೆಗೆದು ತೋರಿಸಲಿ ಎಂದು ಅವರು ಕೇಳಿದ್ದು ನಮ್ಮ ನಾಡಿನಲ್ಲಿ ಇವತ್ತಿಗೂ ಓಡಾಡುವ ಮಾತು. ಅದು ಒಳ್ಳೆಯ ಪ್ರಶ್ನೆ. ಅಂಗಿಯ ತೋಳಿನೊಳಗೆ ಅಡಗದ ವಸ್ತುವನ್ನು ಕೇಳಿದ್ದಾರೆ. ಬಂದರೆ ಎಲ್ಲರಿಗೂ ಕಾಣುತ್ತದೆ, ಬಾರದಿದ್ದರೆ ಅದೂ ಕಾಣುತ್ತದೆ. ಕಲ್ಲಿನ ಪ್ರಶ್ನೆ ಆ ಜಾತಿಯದಲ್ಲ. ಅದಕ್ಕೆ ಸಮಿತಿ ಬೇಡ, ಸಾಕ್ಷಿ ಬೇಡ. ಕಣ್ಣುಮುಚ್ಚಿ ಕೂತಲ್ಲೇ ದೇವರನ್ನು ಕಟ್ಟಿಹಾಕುತ್ತೇನೆ ಎನ್ನುವ ಉಮೇದು ಅದರದ್ದು. ಎರಡನ್ನೂ ವೈಚಾರಿಕತೆ ಎಂದು ಒಂದೇ ಚೀಲಕ್ಕೆ ತುಂಬುವುದು ಸರಿಯಲ್ಲ.

ಈ ಉಮೇದು ಹೊಸದೂ ಅಲ್ಲ. ಒಬ್ಬನೇ ದೇವರು, ಅವನು ಶೂನ್ಯದಿಂದ ಎಲ್ಲವನ್ನೂ ಸೃಷ್ಟಿಸಿದ, ಅವನಿಗೆ ಆಗದ್ದಿಲ್ಲ ಎಂದು ಸಾರುವ ಧರ್ಮಗಳಿಗೆ ಈ ತಲೆನೋವು ಮನೆಯೊಳಗಿನದು. 5ನೇ ಶತಮಾನದ ಕ್ರೈಸ್ತ ಚಿಂತಕ ಆಗಸ್ಟೀನ್ ದೇವರು ಸಾಯಲಾರ, ಮೋಸಹೋಗಲಾರ ಎಂದು ಬರೆದು, ಅದು ಅವನ ಬಲದ ಕೊರತೆಯಲ್ಲ, ಸಾಯಬಲ್ಲವನಾಗಿದ್ದರೆ ಅವನ ಬಲವೇ ಕಡಿಮೆಯಾಗುತ್ತಿತ್ತು ಎಂದ. ಇಷ್ಟು ಸರಿಯಾಗಿಯೇ ಇದೆ. ತೊಡಕು ಶುರುವಾಗುವುದು ಆಗಿಹೋದದ್ದರ ಮಾತು ಬಂದಾಗ.

11ನೇ ಶತಮಾನದಲ್ಲಿ ಇಟಲಿಯ ಮೊಂಟೆ ಕಸ್ಸಿನೊ ಎಂಬ ಕ್ರೈಸ್ತ ಮಠದಲ್ಲಿ ಊಟಕ್ಕೆ ಕೂತಾಗ ಎದ್ದ ಚರ್ಚೆ ಅದು. ಹಳೆಯ ಸಂತ ಜೆರೋಮ್ ಒಂದು ಕಡೆ ಬರೆದಿದ್ದ: ದೇವರು ಏನನ್ನು ಬೇಕಾದರೂ ಮಾಡಬಲ್ಲ, ಕನ್ಯತ್ವ ಕಳೆದುಕೊಂಡವಳನ್ನು ಮಾತ್ರ ಮತ್ತೆ ಕನ್ಯೆಯಾಗಿಸಲಾರ. (ಗಂಡಸರೇ ತುಂಬಿದ ಮಠದ ಊಟದ ಪಂಕ್ತಿಯಲ್ಲಿ ದೇವರ ಬಲದ ಅಳತೆಗೆ ಹೆಣ್ಣೊಬ್ಬಳ ಕನ್ಯತ್ವವೇ ಬೇಕಾಯಿತು, ಇರಲಿ.) ಮಠಾಧಿಪತಿ ಡೆಸಿಡೇರಿಯಸ್ ಜೆರೋಮನ ಪರ ನಿಂತು, ದೇವರಿಗೆ ಅದು ಇಷ್ಟವಿಲ್ಲ, ಆದ್ದರಿಂದಲೇ ಆಗುವುದಿಲ್ಲ ಎಂದ. ಅತಿಥಿಯಾಗಿದ್ದ ಪೀಟರ್ ಡೇಮಿಯನ್‌ಗೆ ಇದು ಸಹಿಸಲಿಲ್ಲ. ಇಷ್ಟವಿಲ್ಲದ್ದು ಅಸಾಧ್ಯ ಎಂದಾದರೆ ಇವತ್ತು ಮಳೆ ಬಾರದ್ದು ದೇವರಿಗೆ ಇಷ್ಟವಿಲ್ಲದ್ದರಿಂದ, ಹಾಗಾಗಿ ಇವತ್ತು ಮಳೆ ಸುರಿಸಲು ಅವನಿಗೆ ಶಕ್ತಿಯೇ ಇಲ್ಲ ಎನ್ನಬೇಕಾಗುತ್ತದೆ ಎಂದು ತಿರುಗಿಸಿ ಕೊಟ್ಟ. ಮನೆಗೆ ಹೋದ ಮೇಲೂ ತಣಿಯದೆ 1065ರ ಹೊತ್ತಿಗೆ ಉದ್ದದ ಪತ್ರವೊಂದನ್ನು ಬರೆದ. ಅದರಲ್ಲಿ ಪ್ರಶ್ನೆ ಇನ್ನೂ ಬೆಳೆದಿದೆ: ರೋಮ್ ನಗರ ಇತ್ತಲ್ಲ, ಅದು ಇರಲೇ ಇಲ್ಲ ಎಂಬಂತೆ ದೇವರು ಮಾಡಬಲ್ಲನೇ? ದೇವರಿಗೆ ನಿನ್ನೆ ನಾಳೆಗಳಿಲ್ಲ, ಎಲ್ಲವೂ ಒಂದೇ ಈಗ ಎಂದು ಡೇಮಿಯನ್ ವಾದಿಸುತ್ತಾನೆ. ಅವನು ನಿಜಕ್ಕೂ ಭೂತಕಾಲವನ್ನು ಅಳಿಸಬಹುದು ಎಂದನೇ, ಅಥವಾ ಆ ಪ್ರಶ್ನೆಯೇ ತಪ್ಪು ಎಂದನೇ ಎಂಬುದರ ಬಗ್ಗೆ ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ.

ಬಿಸಿ ಆರಿದ ಉತ್ತರ ಬಂದದ್ದು ಬೇರೆಯವರಿಂದ. 1111ರಲ್ಲಿ ತೀರಿಕೊಂಡ ಇಸ್ಲಾಮಿನ ದೊಡ್ಡ ಚಿಂತಕ ಅಲ್ ಘಜಾಲಿ, ದೇವರ ಶಕ್ತಿಗೆ ಕಾರ್ಯಕಾರಣದ ಕಟ್ಟೂ ಇಲ್ಲ, ಬೆಂಕಿ ಹತ್ತಿಯನ್ನು ಸುಡುವುದು ಕೂಡ ಅವನ ಇಚ್ಛೆಯಿಂದಲೇ ಎಂದವನು. ಅಂಥವನೂ ಒಂದು ಗೆರೆ ಎಳೆಯುತ್ತಾನೆ. ಒಂದು ವಿಷಯವನ್ನು ಹೌದು ಎಂದೂ ಅಲ್ಲ ಎಂದೂ ಒಟ್ಟಿಗೆ ಮಾಡುವುದು ಶಕ್ತಿಯ ಲೆಕ್ಕಕ್ಕೇ ಬರುವುದಿಲ್ಲ ಎನ್ನುತ್ತಾನೆ. 13ನೇ ಶತಮಾನದ ಕ್ರೈಸ್ತ ದಾರ್ಶನಿಕ ಥಾಮಸ್ ಅಕ್ವಿನಾಸ್ ಅದನ್ನೇ ಇನ್ನಷ್ಟು ನಯವಾಗಿ ಹೇಳಿದ. ಸ್ವವಿರೋಧಿಯಾದದ್ದನ್ನು ದೇವರು ಮಾಡಲಾರ ಎನ್ನಬೇಡಿ, ಅದು ಆಗುವಂಥದ್ದೇ ಅಲ್ಲ ಎನ್ನಿ. ಆಗಿಹೋದದ್ದನ್ನು ಆಗದಿದ್ದಂತೆ ಮಾಡುವುದೂ ಈ ಪಟ್ಟಿಗೇ ಸೇರುತ್ತದೆ ಎಂದು ಡೇಮಿಯನ್ನನ ರೋಮ್ ನಗರವನ್ನು ಅಲ್ಲೇ ಬಿಟ್ಟ.

ಆದರೆ ದೇವರ ಕೈ ಕಟ್ಟುವ ಮಾತು ಆಡಿದರೆ ಆಡಳಿತಕ್ಕೆ ಸಿಟ್ಟು ಬರುತ್ತದೆ. 1277ರಲ್ಲಿ ಪ್ಯಾರಿಸಿನ ಬಿಷಪ್ ಎಟಿಯೆನ್ ಟಂಪಿಯೆ 219 ವಾಕ್ಯಗಳ ಪಟ್ಟಿ ಮಾಡಿ, ಇವನ್ನು ಹೇಳಬಾರದು, ಕಲಿಸಬಾರದು ಎಂದು ನಿಷೇಧ ಹೊರಡಿಸಿದ. ದೇವರು ಒಂದಕ್ಕಿಂತ ಹೆಚ್ಚು ಲೋಕಗಳನ್ನು ಮಾಡಲಾರ ಎಂಬ ಮಾತು ಆ ಪಟ್ಟಿಯಲ್ಲಿತ್ತು. ಅರಿಸ್ಟಾಟಲ್ ಆಗುವುದಿಲ್ಲ ಎಂದದ್ದನ್ನು ದೇವರು ಮಾಡಬಲ್ಲ ಎಂದು ಒಪ್ಪಲೇಬೇಕಾಯಿತು. ಇದರ ಒಂದು ವಿಚಿತ್ರ ಫಲವೆಂದರೆ, ಹಾಗೇನಾದರೂ ದೇವರು ಮಾಡಿದ್ದರೆ ಏನಾಗುತ್ತಿತ್ತು ಎಂದು ಜನ ಯೋಚಿಸತೊಡಗಿದರು. ಬೇರೆ ಲೋಕಗಳು, ನಿರ್ವಾತ, ಆಕಾಶವನ್ನೇ ನೇರ ಗೆರೆಯಲ್ಲಿ ತಳ್ಳುವುದು. ಆಧುನಿಕ ಭೌತಶಾಸ್ತ್ರದ ಬೀಜ ಅಲ್ಲಿದೆ ಎಂದು ವಾದಿಸಿದವರೂ ಇದ್ದಾರೆ. ಅಷ್ಟು ದೂರ ನಾನು ಹೋಗಲಾರೆ. ಧರ್ಮಗುರುವೊಬ್ಬ ಬಾಯಿ ಮುಚ್ಚಿಸಲು ಹೊರಡಿಸಿದ ಆಜ್ಞೆ ಕಲ್ಪನೆಯ ಬಾಗಿಲು ತೆರೆಯಿತು ಎಂಬಷ್ಟು ಮಾತ್ರ ನನಗೆ ರುಚಿಸುತ್ತದೆ.

ತರ್ಕವನ್ನೂ ದಾಟಿ ಹೋದ ಧೈರ್ಯಶಾಲಿ ಎಂದರೆ ಫ್ರೆಂಚ್ ದಾರ್ಶನಿಕ ಡೆಕಾರ್ಟ್. 1630ರಲ್ಲಿ ಗೆಳೆಯ ಮರ್ಸೆನ್‌ಗೆ ಬರೆದ ಪತ್ರಗಳಲ್ಲಿ, ಗಣಿತದ ಸತ್ಯಗಳನ್ನೂ ದೇವರೇ ಗೊತ್ತುಮಾಡಿದ್ದು, ರಾಜ ತನ್ನ ರಾಜ್ಯಕ್ಕೆ ಕಾನೂನು ಮಾಡಿದ ಹಾಗೆ ಎನ್ನುತ್ತಾನೆ. ವೃತ್ತದ ಎಲ್ಲ ತ್ರಿಜ್ಯಗಳು ಸಮನಾಗಿರದಂತೆ ಮಾಡಲು ಕೂಡ ದೇವರು ಸ್ವತಂತ್ರನಾಗಿದ್ದನಂತೆ. ಮದುವೆಮನೆಯಲ್ಲಿ ಕೈ ಕೊಡವಿ ಎದ್ದ ನಮ್ಮ ಹಿರಿಯರು ಡೆಕಾರ್ಟ್‌ನ ಹೆಸರು ಕೇಳಿರಲಿಕ್ಕಿಲ್ಲ, ಆದರೆ ಅವರು ಅವನ ಪಕ್ಷದವರೇ.

ಕಲ್ಲಿನ ಒಗಟನ್ನು ಸಾಣೆ ಹಿಡಿದು ನೋಡಿದ್ದು 1960ರ ದಶಕದ ಅಮೆರಿಕದ ತತ್ವಶಾಸ್ತ್ರಜ್ಞರು. ಮೂವರ ಚಿಕ್ಕ ಲೇಖನಗಳು ಒಂದೇ ಪತ್ರಿಕೆಯಲ್ಲಿ ಕೆಲವೇ ವರ್ಷಗಳ ಅಂತರದಲ್ಲಿ ಬಂದವು. 1963ರಲ್ಲಿ ಜಾರ್ಜ್ ಮಾವ್ರೋಡಿಸ್ ಹೇಳಿದ್ದು ಅಕ್ವಿನಾಸನ ಮಾತನ್ನೇ: ದೇವರು ಸರ್ವಶಕ್ತ ಎಂದು ಇಟ್ಟುಕೊಂಡ ಮೇಲೆ ಅವನು ಎತ್ತಲಾಗದ ಕಲ್ಲು ಎಂಬುದು ನಾಲ್ಕು ಮೂಲೆಯ ವೃತ್ತದಂಥ ಮಾತು. ಮರುವರ್ಷ ಹ್ಯಾರಿ ಫ್ರಾಂಕ್‌ಫರ್ಟ್ ತಮಾಷೆಯಾದ ಮುಯ್ಯಿ ತೀರಿಸಿದ. ಸರಿಯಪ್ಪಾ, ಅಸಾಧ್ಯವಾದದ್ದನ್ನೂ ದೇವರು ಮಾಡಬಲ್ಲ ಎಂದು ಒಪ್ಪೋಣ. ಹಾಗಾದರೆ ಎತ್ತಲಾಗದ ಕಲ್ಲನ್ನು ಮಾಡುವ ಒಂದು ಅಸಾಧ್ಯದ ಜೊತೆಗೆ, ಅದನ್ನು ಎತ್ತುವ ಇನ್ನೊಂದು ಅಸಾಧ್ಯವನ್ನೂ ಮಾಡಲಿ. ಒಂದಕ್ಕೆ ಹೂಂ ಅಂದವರು ಎರಡನೆಯದಕ್ಕೆ ಯಾಕೆ ಹಿಂದೆ ಸರಿಯಬೇಕು? 1967ರಲ್ಲಿ ವೇಡ್ ಸ್ಯಾವೇಜ್ ಗಂಟನ್ನು ಇನ್ನೊಂದು ಕಡೆಯಿಂದ ಬಿಚ್ಚಿದ. ನನಗೆ ಹೆಚ್ಚು ಒಪ್ಪಿಗೆಯಾಗುವುದು ಅವನದ್ದು, ಅದನ್ನು ನಮ್ಮೂರಿನ ಉದಾಹರಣೆಯಲ್ಲೇ ಹೇಳುತ್ತೇನೆ.

ನಮ್ಮೂರ ಅಡುಗೆಭಟ್ಟರು ಸಾವಿರ ಜನರ ಊಟಕ್ಕೆ ಸಾರು ಮಾಡಿದರೆ ಆ ಕೊಪ್ಪರಿಗೆಯನ್ನು ಅವರೊಬ್ಬರೇ ಎತ್ತಲಾರರು. ಬಿದಿರು ತೂರಿಸಿ ನಾಲ್ಕು ಆಳು ಹೊರಬೇಕು. ತಾನೇ ಎತ್ತಲಾಗದ್ದನ್ನು ಮಾಡುವ ಶಕ್ತಿ ಭಟ್ಟರಿಗಿದೆ. ಆದರೆ ಆ ಶಕ್ತಿ ಇರುವುದು ಅವರ ಎತ್ತುವ ತಾಕತ್ತಿಗೆ ಮಿತಿ ಇರುವುದರಿಂದ. ಆ ಮಿತಿ ತೆಗೆದುಹಾಕಿ, ಎಷ್ಟು ಮಣ ಸಾರು ಮಾಡಿದರೂ ಭಟ್ಟರು ಒಂದೇ ಕೈಯಲ್ಲಿ ಎತ್ತುತ್ತಾರೆ ಎಂದುಕೊಳ್ಳಿ. ಆಗ ಅವರು ಎತ್ತಲಾಗದಷ್ಟು ಸಾರು ಮಾಡುವುದು ಆಗುವುದಿಲ್ಲ. ಅದಕ್ಕೆ ಯಾರಾದರೂ ಭಟ್ಟರ ಕೈ ಸೋತಿತು ಎಂದು ಆಡಿಕೊಳ್ಳುತ್ತಾರೆಯೇ? ದೇವರು ಎತ್ತಲಾಗದ ಕಲ್ಲನ್ನು ಮಾಡಲಾರ ಎಂಬುದಕ್ಕೆ, ಅವನು ಎಂಥ ಕಲ್ಲು ಮಾಡಿದರೂ ಎತ್ತುತ್ತಾನೆ ಎಂಬುದಕ್ಕಿಂತ ಹೆಚ್ಚಿನ ಅರ್ಥವಿಲ್ಲ. ಅಲ್ಲಿಗೆ ಕಲ್ಲಿನ ಕಥೆ ಮುಗಿಯಿತು. ಇದನ್ನು ಹಿಡಿದುಕೊಂಡು ದೇವರ ಅಸ್ತಿತ್ವವನ್ನು ಬೀಳಿಸಲು ಹೊರಟವರಿಗೆ ನಾನು ಬೇರೆ ಕಲ್ಲು ಹುಡುಕಿಕೊಳ್ಳಿ ಎನ್ನುತ್ತೇನೆ.

ಇನ್ನು ತರ್ಕಾತೀತ ಎಂದು ಎದ್ದುಹೋದವರ ಪಾಡು. ತ್ರಿಜ್ಯಗಳ ಸಮತ್ವವನ್ನೂ ಬೇಕಾದಾಗ ಕೆಡಿಸಬಲ್ಲ ದೇವರು ಮಾತು ಕೊಟ್ಟರೆ ಅದಕ್ಕೆ ಏನು ಬೆಲೆ? ನಿನ್ನನ್ನು ಕಾಯುತ್ತೇನೆ ಎಂದು ಹೇಳಿ, ಕಾಯದೇ ಇದ್ದು, ಕಾಯದೇ ಇರುವುದೇ ಕಾಯುವುದು ಎಂದು ಅವನು ಹೇಳಬಹುದು. ನಾವು ತಲೆ ತೂಗಬೇಕು. ತರ್ಕವನ್ನು ದೇವರ ಪಾದದಡಿ ಹಾಕಿದ ಮೇಲೆ ದೇವರಿದ್ದಾನೆ ಎಂಬುದಕ್ಕೆ ಯುಕ್ತಿ ಕೊಡುವ ಹಕ್ಕೂ ಹೋಗುತ್ತದೆ, ಅವನು ಒಳ್ಳೆಯವನು ಎನ್ನುವ ಮಾತಿನ ಅರ್ಥವೂ ಹೋಗುತ್ತದೆ. ಇಂಥ ದೇವರಿಗೆ ಹೆದರಬಹುದು. ನೆಚ್ಚುವುದು ಹೇಗೆ?

ನಮ್ಮ ನೆಲದ ವಾದಗಳಲ್ಲಿ ಕಲ್ಲಿನ ಪ್ರಶ್ನೆ ಆ ರೂಪದಲ್ಲಿ ನನಗೆ ಎದುರಾಗಿಲ್ಲ, ಅದಕ್ಕೆ ಕಾರಣವೂ ಇದೆ. ಈಶ್ವರನನ್ನು ಯುಕ್ತಿಯಿಂದ ಸಾಧಿಸಲು ಪಣತೊಟ್ಟ ನ್ಯಾಯದರ್ಶನದ ಉದಯನಾಚಾರ್ಯನ ಈಶ್ವರ ಕೂಡ ಶೂನ್ಯದಿಂದ ಸೃಷ್ಟಿ ಮಾಡುವವನಲ್ಲ. ಪರಮಾಣುಗಳು ಮೊದಲೇ ಇವೆ, ಜೀವರು ಮೊದಲೇ ಇದ್ದಾರೆ, ಅವರವರ ಕರ್ಮವೂ ಇದೆ. ಇದ್ದದ್ದನ್ನು ಹೊಂದಿಸಿ ಲೋಕ ಕಟ್ಟುವವನು ಆತ. ಹಾಗಾಗಿ ಇಲ್ಲಿನ ಕುತ್ತಿಗೆಪಟ್ಟಿ ಹಿಡಿಯುವ ಪ್ರಶ್ನೆಯೇ ಬೇರೆ: ಅವನಿಗೆ ಮಾಡುವ ಅಗತ್ಯವೇನಿತ್ತು? ಮಾಡಿದ್ದನ್ನು ಹೀಗೇಕೆ ಮಾಡಿದ?

ಇದನ್ನು ಬಹಳ ಖಾರವಾಗಿ ಕೇಳಿದವನು ನಮ್ಮವನೇ ಎನ್ನಬಹುದಾದ ಜಿನಸೇನ. 9ನೇ ಶತಮಾನ, ರಾಷ್ಟ್ರಕೂಟರ ಕಾಲ. ಅಮೋಘವರ್ಷ ನೃಪತುಂಗ ಗುರುವೆಂದು ಗೌರವಿಸಿದ ಜೈನಮುನಿ ಈತ. ರಾಜಧಾನಿ ಮಾನ್ಯಖೇಟ ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಅವನ ಸಂಸ್ಕೃತ ಪುರಾಣವನ್ನು ಆಧರಿಸಿಯೇ ಪಂಪ ಮುಂದಿನ ಶತಮಾನದಲ್ಲಿ ಕನ್ನಡದಲ್ಲಿ ಆದಿಪುರಾಣ ಬರೆದದ್ದು. ಸೃಷ್ಟಿಕರ್ತನಿದ್ದಾನೆ ಎನ್ನುವವರನ್ನು ಜಿನಸೇನ ಆ ಪುರಾಣದಲ್ಲಿ ಒಂದೊಂದೇ ಪ್ರಶ್ನೆಯಿಂದ ಗೋಡೆಗೆ ಒತ್ತುತ್ತಾನೆ. ಸೃಷ್ಟಿಗೆ ಮೊದಲು ಅವನು ಎಲ್ಲಿದ್ದ? ಸಾಮಗ್ರಿ ಇಲ್ಲದೆ ಹೇಗೆ ಮಾಡಿದ? ಮೊದಲು ಸಾಮಗ್ರಿ ಮಾಡಿಕೊಂಡ ಎಂದರೆ ಆ ಸಾಮಗ್ರಿಗೆ ಸಾಮಗ್ರಿ ಎಲ್ಲಿಂದ? ಅವನು ಪರಿಪೂರ್ಣ, ಏನೂ ಬಾಕಿ ಉಳಿಯದವನು ಎಂದಾದರೆ ಸೃಷ್ಟಿಸಬೇಕೆಂಬ ಬಯಕೆ ಹುಟ್ಟಿದ್ದು ಹೇಗೆ? ಪರಿಪೂರ್ಣನಲ್ಲ ಎಂದಾದರೆ ಲೋಕ ಮಾಡುವುದು ಕುಂಬಾರನ ಕೈಲಿ ಎಷ್ಟು ಸಾಧ್ಯವೋ ಅವನ ಕೈಲೂ ಅಷ್ಟೇ. ಸಂಸಾರದಲ್ಲಿ ಸಿಕ್ಕಿದವನಾದರೆ ಸರ್ವಶಕ್ತನಲ್ಲ. ಸಂಸಾರ ದಾಟಿದವನಾದರೆ ಈ ಗೊಡವೆ ಯಾಕೆ? ಪ್ರಾಣಿಗಳ ಮೇಲಿನ ಕರುಣೆಯಿಂದ ಮಾಡಿದ ಎಂದರೆ, ದುಃಖವೇ ಇಲ್ಲದ ಲೋಕ ಯಾಕೆ ಮಾಡಲಿಲ್ಲ?

ಕೊನೆಯ ಪ್ರಶ್ನೆಯನ್ನು ನೋಡಿ. ಅದಕ್ಕೆ ಸ್ಯಾವೇಜ್‌ನ ಜಾಣತನ ಸಾಲುವುದಿಲ್ಲ. ದುಃಖವಿಲ್ಲದ ಲೋಕ ನಾಲ್ಕು ಮೂಲೆಯ ವೃತ್ತವಲ್ಲ. ಹಸಿದ ಮಗುವಿಗೆ ಅನ್ನ ಸಿಗುವುದರಲ್ಲಿ ಯಾವ ಸ್ವವಿರೋಧವಿದೆ? ಹನ್ನೊಂದು ಶತಮಾನದ ಹಿಂದೆ ಮಳಖೇಡದ ಆಸ್ಥಾನ ಗೌರವಿಸಿದ ಮುನಿ ಎಸೆದ ಈ ಪ್ರಶ್ನೆಯನ್ನು ಬಿಟ್ಟು, ನಮ್ಮ ವಿಚಾರವಾದಿ ಗೆಳೆಯರು ಕಲ್ಲು ಹೊತ್ತುಕೊಂಡು ಯಾಕೆ ತಿರುಗುತ್ತಾರೋ ತಿಳಿಯದು.

ವೇದಾಂತಿಗಳಿಗೆ ಇದರ ಬಿಸಿ ತಟ್ಟಿತ್ತು. ಬ್ರಹ್ಮಸೂತ್ರದ ಎರಡನೇ ಅಧ್ಯಾಯದಲ್ಲಿ ದೇವರ ಮೇಲೆ ಪಕ್ಷಪಾತದ, ನಿರ್ದಯತೆಯ ಆರೋಪ ಬರುತ್ತದೆ. ಅವನು ಜೀವರ ಕರ್ಮವನ್ನು ನೋಡಿ ಫಲ ಕೊಡುತ್ತಾನೆ, ಆದ್ದರಿಂದ ತಪ್ಪು ಅವನದ್ದಲ್ಲ ಎಂಬುದು ಸೂತ್ರದ ಉತ್ತರ. ಶಂಕರರು ಅಲ್ಲಿ ಮಳೆಯ ದೃಷ್ಟಾಂತ ಕೊಡುತ್ತಾರೆ: ಮಳೆ ಎಲ್ಲ ಬೆಳೆಗೂ ಒಂದೇ, ಭತ್ತ ಭತ್ತವಾಗುವುದು, ಜವೆ ಜವೆಯಾಗುವುದು ಬೀಜದ ಗುಣದಿಂದ. ಹೀಗೆ ಹೇಳಿದರೆ ದೇವರ ಕರುಣೆ ಉಳಿಯಿತು, ಆದರೆ ಬಲ? ಕರ್ಮವನ್ನು ನೋಡಿಕೊಂಡೇ ನಡೆಯಬೇಕಾದವನು ಸ್ವತಂತ್ರ ಹೇಗಾದಾನು?

ಉಡುಪಿಯ ಮಧ್ವಾಚಾರ್ಯರಿಗೆ ಈ ಪ್ರಶ್ನೆ ಬಿಡಲಾಗದ್ದು. ಅವರ ಸಿದ್ಧಾಂತದ ಮೊದಲ ಹೆಜ್ಜೆಯೇ ತತ್ತ್ವ ಎರಡು ಬಗೆ, ಸ್ವತಂತ್ರ ಮತ್ತು ಅಸ್ವತಂತ್ರ ಎಂಬುದು. ಸ್ವತಂತ್ರನು ವಿಷ್ಣು ಒಬ್ಬನೇ. ದ್ರವ್ಯ, ಕರ್ಮ, ಕಾಲ, ಸ್ವಭಾವ, ಜೀವ ಇವೆಲ್ಲ ಇರುವುದು ಅವನ ಅನುಗ್ರಹದಿಂದ, ಅವನು ಉಪೇಕ್ಷಿಸಿದರೆ ಇಲ್ಲ ಎಂಬ ಭಾಗವತದ ಶ್ಲೋಕವನ್ನು ಅವರ ಪರಂಪರೆ ಮತ್ತೆ ಮತ್ತೆ ಎತ್ತಿಕೊಳ್ಳುತ್ತದೆ. ಅಂದರೆ ಕರ್ಮವನ್ನು ಅನುಸರಿಸಿ ಫಲ ಕೊಡುವುದು ನಿಜ, ಆದರೆ ಆ ಕರ್ಮದ ಇರವೂ ಅವನ ಕೈಯಲ್ಲೇ. ದೇವರ ಬಲಕ್ಕೆ ಇನಿತೂ ಕುಂದಿಲ್ಲ. ಆದರೆ ಕಟ್ಟಿದ ಗಂಟು ಅವನದ್ದೇ, ಬಿಚ್ಚಲೂ ಬಲ್ಲ, ಬಿಚ್ಚುವುದಿಲ್ಲ ಎಂದಾದಾಗ ಜಿನಸೇನನ ಪ್ರಶ್ನೆ ಹಿಂಬಾಗಿಲಿನಿಂದ ಒಳಗೆ ಬರುತ್ತದೆ. ಬಲ ಉಳಿಸಿಕೊಂಡರೆ ಕರುಣೆಗೆ ಏಟು, ಕರುಣೆ ಉಳಿಸಿಕೊಂಡರೆ ಬಲಕ್ಕೆ ಏಟು. ನನಗೆ ಮಧ್ವರ ಬಗ್ಗೆ ಇಷ್ಟವಾಗುವುದು, ಅವರು ಬಲದ ಕಡೆ ನಿಂತರು, ನಿಂತದ್ದನ್ನು ಮುಚ್ಚಿಡಲಿಲ್ಲ.

ದಾರ್ಶನಿಕರ ಪಾಡು ಹೀಗಾದರೆ ಕಥೆ ಹೇಳುವವರು ಬೇರೆ ದಾರಿ ಹಿಡಿದರು. ಕುಮಟಾ ತಾಲೂಕಿನಲ್ಲೇ ಎರಡು ಜಾಗಗಳಿವೆ, ಗೋಕರ್ಣ ಮತ್ತು ಯಾಣ. ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ ಎಂದು ನಮ್ಮ ಕಡೆ ಗಾದೆ. ಈಗ ಯಾಣದ ಹತ್ತಿರದವರೆಗೆ ರಸ್ತೆಯಾಗಿ ಸೊಕ್ಕಿಲ್ಲದವರೂ ಹೋಗುತ್ತಾರೆ. ಗೋಕರ್ಣದ ಕಥೆ ಎಲ್ಲರಿಗೂ ಗೊತ್ತು. ರಾವಣನ ತಪಸ್ಸಿಗೆ ಮೆಚ್ಚಿ ಶಿವ ಆತ್ಮಲಿಂಗ ಕೊಟ್ಟ, ಲಂಕೆ ಮುಟ್ಟುವವರೆಗೆ ನೆಲಕ್ಕಿಡಬಾರದು ಎಂದ. ದೇವತೆಗಳಿಗೆ ದಿಗಿಲು. ವಿಷ್ಣು ಸೂರ್ಯನನ್ನು ಮರೆಮಾಡಿ ಸಂಜೆಯ ಭ್ರಮೆ ಹುಟ್ಟಿಸಿದ, ಗಣಪತಿ ವಟುವಿನ ವೇಷದಲ್ಲಿ ಬಂದು ಲಿಂಗ ಹಿಡಿದುಕೊಂಡ, ಮೂರು ಸಲ ಕೂಗಿ ನೆಲಕ್ಕಿಟ್ಟ. ಕೈಲಾಸವನ್ನೇ ಅಲುಗಾಡಿಸಿದ ರಾವಣನಿಗೆ ಅಂಗೈಯಲ್ಲಿ ತಂದ ಲಿಂಗವನ್ನು ಎಬ್ಬಿಸಲಾಗಲಿಲ್ಲ. ಮಹಾಬಲೇಶ್ವರನೆಂದು ಇಂದಿಗೂ ಅಲ್ಲೇ ಇದ್ದಾನೆ.

ಈ ಕಥೆಯಲ್ಲಿ ನನಗೆ ಸೋಜಿಗ ಎತ್ತಲಾಗದ ಕಲ್ಲಿನದಲ್ಲ. ಅಷ್ಟು ಜನ ದೇವತೆಗಳು ಸೇರಿ, ಸೂರ್ಯನನ್ನೇ ಮುಚ್ಚಿ, ಒಬ್ಬ ಹುಡುಗನಿಗೆ ವೇಷ ಕಟ್ಟಿಸಿ ಇಷ್ಟೆಲ್ಲ ನಾಟಕ ಯಾಕೆ ಆಡಬೇಕಾಯಿತು? ಶಿವ ವಾಪಸ್ ತೆಗೆದುಕೊಳ್ಳಬಹುದಿತ್ತಲ್ಲ. ತೆಗೆದುಕೊಳ್ಳುವುದಿಲ್ಲ, ಕೊಟ್ಟಾಗಿದೆ. ಯಾಣದ ಕಥೆಯಲ್ಲಿ ಇದು ಇನ್ನೂ ಢಾಳು. ತಲೆ ಮುಟ್ಟಿದರೆ ಬೂದಿಯಾಗುವ ವರವನ್ನು ಭಸ್ಮಾಸುರನಿಗೆ ಶಿವನೇ ಕೊಟ್ಟ. ಅವನು ಮೊದಲ ಪ್ರಯೋಗಕ್ಕೆ ಶಿವನ ತಲೆಗೇ ಕೈ ನೀಡಿದ. ದೇವರು ಓಡಿದ. ಕಾಡಿನ ನಡುವೆ 120 ಮೀಟರ್ ಎತ್ತರಕ್ಕೆ ನಿಂತ ಭೈರವೇಶ್ವರ ಶಿಖರ, ಅದಕ್ಕಿಂತ ಸ್ವಲ್ಪ ಗಿಡ್ಡಕ್ಕಿರುವ ಮೋಹಿನಿ ಶಿಖರ, ಕಾಲಡಿಯ ಕಪ್ಪು ಮಣ್ಣು ಭಸ್ಮಾಸುರನ ಬೂದಿ ಎಂದು ಅಲ್ಲಿ ತೋರಿಸುತ್ತಾರೆ. ದೇವರು ತನಗೇ ಗೆಲ್ಲಲಾಗದ್ದನ್ನು ಮಾಡಬಲ್ಲನೇ ಎಂಬ ಪ್ರಶ್ನೆಗೆ ಯಾಣದ ಉತ್ತರ ಸರಳ: ಮಾಡಿದ್ದಾನೆ, ಮಾಡಿ ಓಡಿದ್ದಾನೆ, ಬಿಡಿಸಲು ಇನ್ನೊಬ್ಬರು ಬರಬೇಕಾಯಿತು.

1955ರಲ್ಲಿ ಆಸ್ಟ್ರೇಲಿಯಾ ಮೂಲದ ತತ್ವಶಾಸ್ತ್ರಜ್ಞ ಜೆ. ಎಲ್. ಮ್ಯಾಕಿ ಸರ್ವಶಕ್ತಿಯ ಒಗಟನ್ನು ಇದೇ ರೂಪದಲ್ಲಿ ಇಟ್ಟ. ಸರ್ವಶಕ್ತನು ಆಮೇಲೆ ತಾನು ಹತೋಟಿಯಲ್ಲಿಡಲಾಗದ್ದನ್ನು ಮಾಡಬಲ್ಲನೇ, ತನ್ನನ್ನೇ ಕಟ್ಟುವ ನಿಯಮ ಮಾಡಬಲ್ಲನೇ ಎಂದು ಕೇಳಿದ. ಅವನ ಕಣ್ಣು ಇದ್ದದ್ದು ಮನುಷ್ಯನ ಸ್ವತಂತ್ರ ಇಚ್ಛೆಯ ಮೇಲೆ. ಕೆಡುಕಿಗೆಲ್ಲ ಮನುಷ್ಯನ ಸ್ವಾತಂತ್ರ್ಯವೇ ಕಾರಣ ಎನ್ನುವವರು, ಹಾಗಾದರೆ ದೇವರು ತನ್ನ ಹತೋಟಿ ಬಿಟ್ಟುಕೊಟ್ಟ ಎಂದು ಒಪ್ಪಬೇಕಾಗುತ್ತದೆ ಎಂಬುದು ಅವನ ಪಟ್ಟು. ಕಲ್ಲಿನ ಒಗಟಿಗಿಂತ ಇದು ಗಟ್ಟಿ. ವರ ಕೊಟ್ಟು ಓಡಿದ ಶಿವನ ಕಥೆ ಕೇಳಿ ಬೆಳೆದವರಿಗೆ ಇದು ಹೊಸ ಸುದ್ದಿಯೇನಲ್ಲ.

ನಮ್ಮ ಕಡೆಯ ದೇವಸ್ಥಾನಗಳಲ್ಲಿ ಪ್ರಸಾದ ಕೇಳುವ ಪದ್ಧತಿ ಇದೆ. ನೀರಿನಲ್ಲಿ ಅದ್ದಿದ ಹೂವಿನ ಎಸಳುಗಳನ್ನು ಮೂರ್ತಿಯ ಎಡಬಲಕ್ಕೆ ಹಚ್ಚಿ ಕಾಯುತ್ತಾರೆ. ಬಲದ ಎಸಳು ಬಿದ್ದರೆ ಆಗುತ್ತದೆ, ಎಡದ್ದು ಬಿದ್ದರೆ ಇಲ್ಲ. ಒಮ್ಮೆ ನಾನು ಕೂತಿದ್ದಾಗ ವಯಸ್ಸಾದ ಹೆಂಗಸೊಬ್ಬರು ಮಗನ ವಿಷಯ ಕೇಳಿಸುತ್ತಿದ್ದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಗರ್ಭಗುಡಿಯ ಹೊಸ್ತಿಲಿಗೇ ಕಣ್ಣಿಟ್ಟಿದ್ದರು. ಎಸಳು ಬೀಳಲೇ ಇಲ್ಲ. ಭಟ್ಟರು ದೇವರ ಕಡೆ ತಿರುಗಿ, ಗದರುವ ದನಿಯಲ್ಲಿ, "ಮಕ್ಕಳು ಬಂದು ಕೇಳ್ತಾ ಇದ್ದಾರೆ, ಒಂದು ಮಾತು ಹೇಳಬೇಕಪ್ಪ ನೀನು" ಎಂದರು. ಆಮೇಲೆ ಎರಡೂ ಕಡೆಯ ಎಸಳು ಒಟ್ಟಿಗೇ ಜಾರಿದವು. ಭಟ್ಟರು ಅದಕ್ಕೇನೋ ಅರ್ಥ ಹೇಳಹೊರಟರು. ಹೆಂಗಸು ತಡೆದು, "ಅದೆಲ್ಲ ಬೇಡ ಭಟ್ರೇ. ಆಗೂದಿಲ್ಲ ಅಂದ್ರೆ ಆಗೂದಿಲ್ಲ ಅಂತ ಹೇಳ್ಲಿ. ಹೇಳಿದ ಮೇಲೆ ಮಾತು ತಪ್ಪಬಾರದು ಅಷ್ಟೆ" ಎಂದರು. ಮತ್ತೆ ಹೂ ಹಚ್ಚಿದರು.

ಆಕೆಗೆ ಎದುರಿಗಿದ್ದ ದೇವರು ಸರ್ವಶಕ್ತ ಎಂಬ ಖಾತ್ರಿ ಬೇಕಿರಲಿಲ್ಲ. ಇದು ನನ್ನಿಂದಾಗದು ಎಂದು ಅವನು ಹೇಳಿದ್ದರೂ ಆಕೆಯ ಭಕ್ತಿಗೆ ಕೊರತೆಯಾಗುತ್ತಿರಲಿಲ್ಲವೆಂದು ಕಾಣುತ್ತದೆ. ಊರ ದೈವಗಳಲ್ಲಿ ಚೌಡಿಗೆ ಒಂದು ಸರಹದ್ದಿದೆ, ಮಾರಿಗೆ ಒಂದು, ಭೂತಕ್ಕೆ ಒಂದು. ಅವರಲ್ಲಿ ಯಾರನ್ನೂ ಯಾರೂ ಕಲ್ಲಿನ ಪ್ರಶ್ನೆ ಕೇಳುವುದಿಲ್ಲ, ಕೇಳಿದರೆ ನಗು ಬರುತ್ತದೆ. ಹರಕೆ ಎಂದರೆ ಎರಡೂ ಕಡೆ ಕಟ್ಟುಬೀಳುವ ಕರಾರು; ತರ್ಕಕ್ಕೆ ಮೀರಿದವನ ಜೊತೆ ಕರಾರು ಮಾಡಿಕೊಳ್ಳಲು ಬರುವುದಿಲ್ಲ. ಹಾಗೆಂದು ಹಳ್ಳಿಯ ನಂಬಿಕೆಯೇ ಶ್ರೇಷ್ಠ ಎಂದು ನಾನು ಸಾರುತ್ತಿಲ್ಲ. ಮಗನಿಗೆ ಔಷಧಿ ಕೊಡಿಸುವ ದಿನವನ್ನು ಎಸಳಿಗೆ ಬಿಟ್ಟು ಕಾಯುವುದನ್ನು ಕಂಡರೆ ನನಗೂ ಸಂಕಟವಾಗುತ್ತದೆ, ನರಸಿಂಹಯ್ಯನವರ ಕುಂಬಳಕಾಯಿ ನೆನಪಾಗುತ್ತದೆ.

ಆದರೂ ಬಲ್ಲವನಾಗಿದ್ದೂ ಯಾಕೆ ಮಾಡಲಿಲ್ಲ ಎಂಬ ಪ್ರಶ್ನೆ ಹೋಗುವುದಿಲ್ಲ. ದೇವರ ಮುಖಕ್ಕೇ ಇದನ್ನು ಎಸೆದವರು ಮಹಾಭಾರತದಲ್ಲಿ ಇಬ್ಬರಿದ್ದಾರೆ, ಇಬ್ಬರೂ ನಾಸ್ತಿಕರಲ್ಲ. ಸ್ತ್ರೀಪರ್ವದಲ್ಲಿ ಗಾಂಧಾರಿ ರಣರಂಗ ನೋಡುತ್ತಾಳೆ. ನೂರು ಮಕ್ಕಳ ಹೆಣ, ಸೊಸೆಯಂದಿರ ಗೋಳು. ಕೃಷ್ಣನಿಗೆ ಅವಳ ಮಾತು ನೇರ: ನಿನಗೆ ಶಕ್ತಿಯಿತ್ತು, ಸೈನ್ಯವಿತ್ತು, ಎರಡೂ ಕಡೆಯವರು ನಿನ್ನ ಮಾತು ಕೇಳುವಂತಿತ್ತು, ನಾಶವಾಗುವವರನ್ನು ನೀನು ಬೇಕೆಂದೇ ಉಪೇಕ್ಷಿಸಿದೆ. ಮೂವತ್ತಾರನೆಯ ವರ್ಷಕ್ಕೆ ನಿನ್ನ ಕುಲವೂ ಹೀಗೇ ಒಬ್ಬರನ್ನೊಬ್ಬರು ಕೊಂದು ಅಳಿಯಲಿ, ನೀನು ಕಾಡಿನಲ್ಲಿ ಅನಾಥನಂತೆ ಸಾಯಿ ಎಂದು ಶಪಿಸುತ್ತಾಳೆ. ಕೃಷ್ಣ ತುಸು ನಗುತ್ತಾನೆ. ಇದು ನನಗೆ ಗೊತ್ತಿದ್ದದ್ದೇ, ಯಾದವರನ್ನು ನನ್ನ ಹೊರತು ಬೇರಾರೂ ಅಳಿಸಲಾರರು ಎಂದು ಶಾಪವನ್ನು ತೆಗೆದುಕೊಳ್ಳುತ್ತಾನೆ. ಆಮೇಲೆ ಮಕ್ಕಳ ತಪ್ಪಿನ ಮಾತು, ನಿನ್ನ ತಪ್ಪಿನ ಮಾತು ಎಂದು ಅವಳಿಗೆ ಬುದ್ಧಿ ಹೇಳುವುದೂ ಇದೆ. ಅದು ನನಗೆ ರುಚಿಸುವುದಿಲ್ಲ.

ಅಶ್ವಮೇಧಿಕಪರ್ವದಲ್ಲಿ ದ್ವಾರಕೆಗೆ ಹೊರಟ ಕೃಷ್ಣನಿಗೆ ದಾರಿಯಲ್ಲಿ ಉತ್ತಂಕ ಎಂಬ ಋಷಿ ಸಿಗುತ್ತಾನೆ. ಕೌರವ ಪಾಂಡವರು ರಾಜಿಯಾದರೇ ಎಂದು ಕೇಳುತ್ತಾನೆ, ಪಾಪ, ಅವನಿಗೆ ಯುದ್ಧದ ಸುದ್ದಿಯೇ ಮುಟ್ಟಿಲ್ಲ. ನಡೆದದ್ದು ಕೇಳಿ ಅವನೂ ಅದನ್ನೇ ಹೇಳುತ್ತಾನೆ: ಶಕ್ತನಾಗಿದ್ದೂ ನೀನು ಅವರನ್ನು ಉಳಿಸಲಿಲ್ಲ, ಶಪಿಸುತ್ತೇನೆ. ಈ ಸಲ ಕೃಷ್ಣ ವಾದಕ್ಕೆ ಕೂರುತ್ತಾನೆ. ನಾನು ಯಾವ ಯೋನಿಯಲ್ಲಿ ಹುಟ್ಟುತ್ತೇನೋ ಅದರಂತೆ ನಡೆಯುತ್ತೇನೆ. ಈಗ ಮನುಷ್ಯನಾಗಿದ್ದೇನೆ, ಮನುಷ್ಯನಂತೆ ದೀನನಾಗಿ ಬೇಡಿಕೊಂಡೆ, ಹೆದರಿಸಿಯೂ ನೋಡಿದೆ, ಅವರು ಕೇಳಲಿಲ್ಲ ಎನ್ನುತ್ತಾನೆ. ಮ್ಯಾಕಿ ಕೇಳಿದ, ತನಗೆ ತಾನೇ ಹಾಕಿಕೊಂಡ ಕಟ್ಟು ಇದು. ಒಳ್ಳೆಯ ಉತ್ತರವೇ. ಆದರೆ ಮನುಷ್ಯನಾಗಿ ಹುಟ್ಟುವುದನ್ನು ಆರಿಸಿಕೊಂಡವರು ಯಾರು, ಹದಿನೆಂಟು ಅಕ್ಷೋಹಿಣಿ ಸಾಯುವ ಹೊತ್ತಿಗೂ ಆ ಕಟ್ಟು ಬಿಚ್ಚಬಾರದೆಂದು ಗೊತ್ತುಮಾಡಿದವರು ಯಾರು ಎಂದು ಉತ್ತಂಕ ತಿರುಗಿ ಕೇಳಬಹುದಿತ್ತು. ಕೇಳಲಿಲ್ಲ. ಸಿಟ್ಟು ಇಳಿಸಿಕೊಂಡು, ನಿನ್ನ ವಿಶ್ವರೂಪ ತೋರಿಸು ಎಂದು ಬೇಡಿದ, ನೋಡಿದ, ಕೈಮುಗಿದ.

ಇಬ್ಬರ ಆರೋಪವೂ ಒಂದೇ. ಒಬ್ಬನಿಗೆ ಕೃಷ್ಣ ತನ್ನ ಬಲವನ್ನು ತೋರಿಸಿ ಸುಮ್ಮನಾಗಿಸಿದ. ಗಾಂಧಾರಿಗೆ ಯಾವ ರೂಪವನ್ನೂ ತೋರಿಸಲಿಲ್ಲ, ಅವಳ ಶಾಪಕ್ಕೆ ತಲೆ ಕೊಟ್ಟ, ಮೂವತ್ತಾರನೆಯ ವರ್ಷ ಬೇಡನ ಬಾಣ ಕಾಲಿಗೆ ತಾಗಿ ಸತ್ತ.